ಕೋಳಿ ಜಾಲರಿಯ ಆಂಟೆನಾ, ಕಾಂಟ್ರಾದ ಜಲಪಾತ

ಅಹಮದಾಬಾದಿನಲ್ಲಿ ನಾವಿರುವ ಬಡಾವಣೆಯ ಹೆಸರು ಸೆಟಲೈಟ್. ಊರಿನವರಿಗೆ ವಿಳಾಸ ಹೇಳಿದರೆ ನಗುತ್ತಾರೆ. "ಸೆಟಲೈಟ್ ಅಂದ್ರ ಮ್ಯಾಲ ಇರಬೇಕಲ್ಲಪಾ, ನೀವು ಕೆಳಗ ಹ್ಯಾಂಗ ಮನಿ ಮಾಡೀರಿ?" ಎಂದು ಲಿಂಗಸುಗೂರಿನ ಕಾಕಾ ಒಮ್ಮೆ ಕೇಳಿದ್ದರು. ಆ ಹೆಸರು ಬಂದದ್ದು ಇಲ್ಲೇ ಪಕ್ಕದ ಜೋಧ್‌ಪುರ ಟೇಕ್ರಾದಲ್ಲಿರುವ ಇಸ್ರೋದ ಸ್ಪೇಸ್ ಅಪ್ಲಿಕೇಶನ್ಸ್ ಸೆಂಟರ್‌ನಿಂದ.

ಕಳೆದ ತಿಂಗಳು ನಮ್ಮ ಸೊಸೈಟಿಯ ಮೀಟಿಂಗಿನಲ್ಲಿ ಮಕ್ಕಳ ಮೊಬೈಲಿನ ಮಾತು ಬಂತು. ಸಂಜೆ ಕೆಳಗಿನ ಅಂಗಳಕ್ಕೆ ಮಕ್ಕಳು ಫೋನ್ ತರಬಾರದು ಎಂದು ನಿಯಮ ಮಾಡಬೇಕಂತೆ. "ನಮ್ಮ ಕಾಲದಲ್ಲಿ ಎಲ್ಲರೂ ಕೂಡಿ ಆಡುತ್ತಿದ್ದೆವು, ಈ ಸ್ಕ್ರೀನ್ ಬಂದು ಮನುಷ್ಯರನ್ನು ಬೇರೆ ಮಾಡಿತು" ಎಂದು ಒಬ್ಬ ಹಿರಿಯರು ಹೇಳಿದರು. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ರಾತ್ರಿ ಮಲಗಿದಾಗ ಮಾತ್ರ, ಯಾಕೆ ಒಪ್ಪಿಕೊಂಡೆ ಎಂದು ಕಸಿವಿಸಿಯಾಯಿತು. ನನ್ನ ಹುಟ್ಟು 1979. ವಡೋದರಾದಲ್ಲಿ ಬೆಳೆದು, ಸೂರತ್‌ನಲ್ಲಿ ಎಂ.ಟೆಕ್. ಓದಿ, ಈಗ ಅಹಮದಾಬಾದಿನಲ್ಲಿ ಸಾಫ್ಟ್‌ವೇರ್ ಪ್ರಾಜೆಕ್ಟುಗಳ ಗಡಿಯಾರ ನೋಡಿಕೊಂಡಿರುವವನು. ಈ ಮೂರು ಊರುಗಳಲ್ಲಿ ನಾನು ಕಂಡ ಪರದೆಗಳ ಕತೆ ಬೇರೆಯೇ ಹೇಳುತ್ತದೆ. ಅದನ್ನು ಇಲ್ಲಿ ಬರೆದಿಡುತ್ತೇನೆ.

ಕತೆ ಶುರುವಾಗುವುದು ನನಗಿಂತ ಮೊದಲು, ಅಪ್ಪನಿಂದ. ನಿವೃತ್ತಿಯಾಗಿ ನಮ್ಮ ಜೊತೆ ಇರಲು ಬಂದ ಮೊದಲ ವಾರ, ಸಂಜೆ ವಾಕಿಂಗ್ ಹೋದಾಗ ಸ್ಪೇಸ್ ಅಪ್ಲಿಕೇಶನ್ಸ್ ಸೆಂಟರ್‌ನ ಬೋರ್ಡ್ ಓದಿ ಅಪ್ಪ ನಿಂತುಬಿಟ್ಟರು. "ತಮ್ಮ, ನಮ್ಮೂರಿಗೆ ಟಿವಿ ಇಲ್ಲಿಂದನ ಬಂದಿತ್ತು" ಎಂದರು. ನಾನು ವಯಸ್ಸಿನ ಮರೆವು ಅಂದುಕೊಂಡೆ. ಮನೆಗೆ ಬಂದು ಹುಡುಕಿದರೆ ಅವರು ಹೇಳಿದ್ದು ಅಕ್ಷರಶಃ ನಿಜ.

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಸರಿಯಾಗಿ ಒಂದು ವರ್ಷ ನಡೆದ ಪ್ರಯೋಗ ಅದು. ಹೆಸರು ಸೈಟ್, ಅಂದರೆ ಉಪಗ್ರಹದ ಮೂಲಕ ಟಿವಿಯಲ್ಲಿ ಪಾಠ ಹೇಳುವ ಪ್ರಯೋಗ. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಕೊಟ್ಟಿತ್ತು. ಅಹಮದಾಬಾದಿನ ಭೂಕೇಂದ್ರದಿಂದ ಹೊರಟ ಚಿತ್ರ ಸುಮಾರು 36,000 ಕಿಲೋಮೀಟರ್ ಮೇಲೇರಿ, ಅಲ್ಲಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಇಳಿಯುತ್ತಿತ್ತು. ಕರ್ನಾಟಕದ ಪಾಲಿಗೆ ಬಂದ ಹಳ್ಳಿಗಳು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳವು. ಅದರಲ್ಲೊಂದು ಕೃಷ್ಣೆಯ ದಂಡೆಯ ನಮ್ಮೂರು. ಈ ಕನಸು ಕಂಡಿದ್ದವರು ಅಹಮದಾಬಾದಿನವರೇ ಆದ ವಿಕ್ರಮ್ ಸಾರಾಭಾಯಿ. ನೋಡಲು ಅವರಿರಲಿಲ್ಲ, 1971ರ ಡಿಸೆಂಬರಿನಲ್ಲೇ ತೀರಿಕೊಂಡಿದ್ದರು.

ಶಾಲೆಯ ಮುಂದೆ ಹತ್ತಡಿ ಅಗಲದ ಆಂಟೆನಾ ನಿಲ್ಲಿಸಿದ್ದರಂತೆ. ಕೋಳಿಗೂಡಿಗೆ ಹಾಕುವಂಥ ತಂತಿ ಜಾಲರಿಯಿಂದ ಮಾಡಿದ್ದು. "ಊರಾಗ ಎಲ್ಲಾರೂ ಕೋಳಿ ಬುಟ್ಟಿ ಅಂತಿದ್ರು" ಎಂದು ಅಪ್ಪ ಈಗಲೂ ನಗುತ್ತಾರೆ. ಟಿವಿ ಪೆಟ್ಟಿಗೆ ಹೈದರಾಬಾದಿನ ಇಸಿಐಎಲ್ ಕಾರ್ಖಾನೆಯದು. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದೂ ಹೈದರಾಬಾದಿನಲ್ಲೇ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ವಿಜ್ಞಾನ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ನಡುವೆ ಒಂದಿಷ್ಟು ಹಾಡು ಕುಣಿತ. ಅಪ್ಪನಿಗೆ ಆಗ ಇಪ್ಪತ್ತು ವರ್ಷ. ಬೀಜೋಪಚಾರದ ಕಾರ್ಯಕ್ರಮ ಅವರಿಗೆ ನೆನಪಿಲ್ಲ. ಪೆಟ್ಟಿಗೆ ಕನ್ನಡ ಮಾತಾಡಿದ್ದು ನೆನಪಿದೆ.

ಇನ್ನೊಂದು ನೆನಪಿದೆ. ಅದನ್ನು ಹೇಳಲು ಅವರಿಗೆ ಎರಡು ವರ್ಷ ಬೇಕಾಯಿತು. "ಎಲ್ಲಾರೂ ಬರ್ತಿದ್ರು ತಮ್ಮ. ಗೌಡ್ರು ಮುಂದ ಕುರ್ಚಿ ಮ್ಯಾಲ. ನಾವು ಚಾಪಿ ಮ್ಯಾಲ. ಕೇರಿಯವರು ಹಿಂದ, ಅಷ್ಟು ದೂರ ಬಿಟ್ಟು ನಿಂತು ನೋಡ್ತಿದ್ರು. ಮಳಿ ಬಂದಾಗ ನಾವು ಶಾಲಿ ಪಡಸಾಲಿಗೆ ಏರಿದ್ವಿ. ಅವರು ಮಳ್ಯಾಗ ನಿಂತು ನೋಡಿದ್ರು." ಆಕಾಶದಿಂದ ಇಳಿದ ಚಿತ್ರಕ್ಕೆ ಯಾರ ಭೇದವೂ ಇರಲಿಲ್ಲ. ಚಾಪೆಗೂ ಹಿಂದಿನ ಸಾಲಿಗೂ ನಡುವೆ ಬಿಟ್ಟ ಜಾಗ ಊರಿನದು.

ವರ್ಷ ಮುಗಿದೊಡನೆ ಉಪಗ್ರಹ ವಾಪಸ್ ಹೋಯಿತು, ಪೆಟ್ಟಿಗೆ ಮೂಕವಾಯಿತು. ಆದರೆ ಆ ಪ್ರಯೋಗದ ಫಲವಾಗಿ 1977ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಮೇಲಿನ ಟಿವಿ ಕೇಂದ್ರ ಬಂತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಬೆಂಗಳೂರಿನ ಸಹೋದ್ಯೋಗಿಗಳಿಗೆ ಇದನ್ನು ಹೇಳಿದಾಗ ಒಬ್ಬರೂ ನಂಬುವುದಿಲ್ಲ. ಕಲ್ಯಾಣ ಕರ್ನಾಟಕ ಒಂದು ವಿಷಯದಲ್ಲಾದರೂ ರಾಜಧಾನಿಗಿಂತ ನಾಲ್ಕು ವರ್ಷ ಮುಂದಿತ್ತು!

ಅಷ್ಟರಲ್ಲಿ ಅಪ್ಪ ವಡೋದರಾಕ್ಕೆ ಬಂದಾಗಿತ್ತು. ಪೆಟ್ರೋಕೆಮಿಕಲ್ ಕಾರ್ಖಾನೆಯೊಂದರಲ್ಲಿ ಕೆಲಸ. ಫತೇಗಂಜ್‌ನ ಹತ್ತಿರ ಮೂರು ಅಂತಸ್ತಿನ ಕಟ್ಟಡದಲ್ಲಿ ಬಾಡಿಗೆ ಮನೆ. ಹನ್ನೆರಡು ಮನೆಗಳಲ್ಲಿ ಏಳು ಗುಜರಾತಿ ಹಿಂದೂಗಳದು, ಒಂದು ಮರಾಠಿಯವರದು, ಒಂದು ಮಲಯಾಳಿಗಳದು, ಎರಡು ಮುಸಲ್ಮಾನರದು, ಒಂದು ನಮ್ಮದು. ಬಣ್ಣದ ಪ್ರಸಾರ 1982ರ ಆಗಸ್ಟ್ 15ರಂದು ದೇಶಕ್ಕೆ ಬಂದಿದ್ದರೂ ನಮ್ಮ ಕಟ್ಟಡಕ್ಕೆ ಬಣ್ಣದ ಟಿವಿ ಬಂದದ್ದು 1986ರಲ್ಲಿ, ಮೇಲಿನ ಮನೆಯ ಪಟೇಲ್ ಕಾಕಾರಿಗೆ. ಉತ್ತರಾಯಣದಂದು, ಅಂದರೆ ನಮ್ಮ ಸಂಕ್ರಾಂತಿಯಂದು, ಊರಿಗೆ ಊರೇ ಮಾಳಿಗೆ ಏರಿ ಗಾಳಿಪಟ ಹಾರಿಸುತ್ತದೆ. ಮರುದಿನ ಟಿವಿಯಲ್ಲಿ ಬರೀ ಮುಳ್ಳುಚುಕ್ಕೆ. ಆಂಟೆನಾ ತುಂಬ ಹರಿದ ಪಟಗಳು, ಮಾಂಜಾ ದಾರ. ಅದನ್ನು ಬಿಡಿಸಲು ಏರುವುದು ನಾನು ಮತ್ತು ಎರಡನೆಯ ಅಂತಸ್ತಿನ ನನ್ನ ಗೆಳೆಯ. ಅವನ ಹೆಸರು ಇಲ್ಲಿ ಬರೆಯುವುದಿಲ್ಲ. ಅವನ ಮನೆ ಆ ಎರಡು ಮುಸಲ್ಮಾನ ಮನೆಗಳಲ್ಲೊಂದು.

1987ರ ಜನವರಿಯಿಂದ ಭಾನುವಾರ ಬೆಳಿಗ್ಗೆ ರಾಮಾಯಣ. ಅದರ ಚಿತ್ರೀಕರಣ ನಡೆದದ್ದೂ ಗುಜರಾತಿನಲ್ಲೇ, ಸೂರತ್‌ನಿಂದ ಮುಂಬೈ ಕಡೆಗೆ ಹೋಗುವಾಗ ಸಿಗುವ ಉಮರ್‌ಗಾಂವ್‌ನಲ್ಲಿ. ಪಟೇಲ್ ಕಾಕಾರ ಹಾಲ್‌ನಲ್ಲಿ ಚಪ್ಪಲಿ ಬಿಟ್ಟು ಕೂತ ಮೂವತ್ತು ಜನರಲ್ಲಿ ಗೆಳೆಯನ ಅಮ್ಮನೂ ಇರುತ್ತಿದ್ದರು. ಸೀತೆಯ ಕಷ್ಟಕ್ಕೆ ನನ್ನ ಅವ್ವನೂ ಅವರೂ ಒಟ್ಟಿಗೆ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದ್ದೇನೆ. 1991ರ ಲೋಕಸಭಾ ಚುನಾವಣೆಯಲ್ಲಿ ಸೀತೆಯ ಪಾತ್ರ ಮಾಡಿದ್ದ ದೀಪಿಕಾ ಚಿಖಲಿಯಾ ನಮ್ಮ ವಡೋದರಾದಿಂದಲೇ ನಿಂತು ಗೆದ್ದರು. ರಾವಣನ ಪಾತ್ರದ ಅರವಿಂದ ತ್ರಿವೇದಿ ಸಾಬರ್‌ಕಾಂಠಾದಿಂದ ಗೆದ್ದರು. ಸೀತೆ ರಾವಣ ಒಂದೇ ಪಕ್ಷದಲ್ಲಿ ಎಂದು ಅಪ್ಪ ತಮಾಷೆ ಮಾಡಿದ್ದರು. ಆ ವರ್ಷ ಗೆಳೆಯನ ಅಮ್ಮ ತಮಾಷೆಗೆ ನಕ್ಕ ನೆನಪಿಲ್ಲ.

ಅದೇ ಬೇಸಿಗೆಯಲ್ಲಿ ಶಾರ್ಜಾದಲ್ಲಿದ್ದ ಚಿಕ್ಕಪ್ಪ ಗೆಳೆಯನಿಗೆ ವಿಡಿಯೊ ಗೇಮ್ ತಂದುಕೊಟ್ಟರು. ಕೆಂಪು ಬಿಳಿ ಪೆಟ್ಟಿಗೆ, ತಂತಿಯ ತುದಿಗೆ ಎರಡು ಕಂಟ್ರೋಲರ್, ಒಂದು ಬಂದೂಕು. ಈಗ ಗೊತ್ತು, ಅದು ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಫ್ಯಾಮಿಕಾಮ್‌ನ ನಕಲು. ಅದರ ಮಿದುಳು 6502 ಎಂಬ ಹಳೆಯ, ಅಗ್ಗದ ಪ್ರೊಸೆಸರ್ ವಂಶದ್ದು. ಕೆಲಸದ ಮೆಮೊರಿ 2 ಕಿಲೋಬೈಟ್. ಈ ಲೇಖನದ ಇಷ್ಟು ಭಾಗವೂ ಅದರಲ್ಲಿ ಹಿಡಿಸುವುದಿಲ್ಲ. ತೈವಾನ್, ಹಾಂಗ್‌ಕಾಂಗ್ ಕಡೆಯ ತಯಾರಕರು ಇಡೀ ಯಂತ್ರವನ್ನು ಅಗ್ಗವಾಗಿ ನಕಲಿಸಿದ್ದರಿಂದಲೇ ನಮ್ಮಂಥವರ ಮನೆಗೆ ಅದು ಬಂತು. ರಷ್ಯಾದ ನನ್ನ ಓರಗೆಯವರಿಗೆ ಅದು ಡೆಂಡಿ. ಇಲ್ಲಿ ಸಮುರಾಯ್, ಮೀಡಿಯಾ, ಲಿಟಲ್ ಮಾಸ್ಟರ್ ಮುಂತಾದ ಹೆಸರುಗಳು. ಬಹಳ ಜನಕ್ಕೆ ಬರೀ "ಟಿವಿ ಗೇಮ್". ಸೈಟ್ ಮಾಡಿದಾಗ ಈ ಯಂತ್ರ ಹಳ್ಳಿಗೆ ಏನು ಮಾಡೀತು ಎಂದು ಸಂಶೋಧಕರು ಹಳ್ಳಿಗಳಲ್ಲೇ ಉಳಿದು ಬರೆದುಕೊಂಡರು. ಟಿವಿ ಗೇಮ್ ಬಂದಾಗ ಯಾರೂ ಏನೂ ಬರೆದುಕೊಳ್ಳಲಿಲ್ಲ.

ನಮಗೆ ಆಟವೆಂದರೆ ಕಾಂಟ್ರಾ. ಇಬ್ಬರು ಸಿಪಾಯಿಗಳು, ಒಬ್ಬ ನೀಲಿ ಚಡ್ಡಿ, ಒಬ್ಬ ಕೆಂಪು ಚಡ್ಡಿ. ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಒತ್ತಿದರೆ ಮೂವತ್ತು ಜೀವ. ಮೂರನೆಯ ಹಂತ ಜಲಪಾತ. ಅಲ್ಲಿ ಬಂಡೆಯಿಂದ ಬಂಡೆಗೆ ಹಾರುತ್ತ ಮೇಲೇರಬೇಕು. ಒಬ್ಬ ಬೇಗ ಏರಿದರೆ ಪರದೆಯೂ ಅವನ ಜೊತೆ ಮೇಲಕ್ಕೆ ಸರಿಯುತ್ತದೆ. ಕೆಳಗೆ ಉಳಿದವನು ಪರದೆಯಿಂದ ಹೊರಗಾಗಿ ಸಾಯುತ್ತಾನೆ. ಶತ್ರು ಬೇಕಾಗಿಯೇ ಇಲ್ಲ, ಜೊತೆಗಾರನ ಅವಸರ ಸಾಕು. ನಾನು ಅವಸರದವನು. "ಊಭೋ ರಹೆ! ಊಭೋ ರಹೆ!" ಎಂದು ಗೆಳೆಯ ಗುಜರಾತಿಯಲ್ಲಿ ಕೂಗುತ್ತಿದ್ದ. ನಿಲ್ಲು, ನಿಲ್ಲು ಎಂದು. ಗುಜರಾತಿಯನ್ನು ನಾನು ಶಾಲೆಯಲ್ಲಿ ಓದಿದೆ, ಮಾತಾಡಲು ಕಲಿತದ್ದು ಆ ಜಲಪಾತದಲ್ಲಿ.

1992ರ ಡಿಸೆಂಬರ್ 6ರಂದು ಅಯೋಧ್ಯೆಯಲ್ಲಿ ಬಾಬರಿ ಮಸೀದಿ ಉರುಳಿತು. ಗುಜರಾತಿನ ನಗರಗಳಲ್ಲಿ ಗಲಭೆ ಎದ್ದಿತು, ಅದರಲ್ಲೂ ಸೂರತ್‌ನಲ್ಲಿ ಭೀಕರವಾಗಿ. ನಮ್ಮ ಓಣಿಯಲ್ಲಿ ಕರ್ಫ್ಯೂ. ಹಾಲು ಬಿಡುವ ಒಂದೆರಡು ಗಂಟೆ ಬಿಟ್ಟರೆ ಕೆಳಗೆ ಇಳಿಯುವಂತಿರಲಿಲ್ಲ, ಮೆಟ್ಟಿಲು ಮಾತ್ರ ನಮ್ಮದು. ಕಟ್ಟಡದ ಮಕ್ಕಳೆಲ್ಲ ಗೆಳೆಯನ ಮನೆಯಲ್ಲಿ. ಸತ್ತವನು ಕಂಟ್ರೋಲರ್ ಮುಂದಿನವನಿಗೆ ಕೊಡಬೇಕು, ಅಷ್ಟೇ ಕಾನೂನು. ಹೊರಗೆ ಪೊಲೀಸ್ ಜೀಪಿನ ಮೈಕ್, ಒಳಗೆ ಕಾಂಟ್ರಾದ ಸಂಗೀತ. ದೊಡ್ಡವರು ಅಡುಗೆಮನೆಯಲ್ಲಿ ದನಿ ತಗ್ಗಿಸಿ ಮಾತಾಡುತ್ತಿದ್ದರು. ಆ ಹತ್ತು ದಿನ ಹನ್ನೆರಡು ಮನೆಯ ಮಕ್ಕಳು ಒಟ್ಟಿಗಿದ್ದದ್ದು ಒಂದು ಪರದೆಯ ಮುಂದೆ.

1993ರ ಮೇ ತಿಂಗಳಲ್ಲಿ ಅವರು ಮನೆ ಖಾಲಿ ಮಾಡಿದರು. ತಾಂದಲ್ಜಾ ಕಡೆಗೆ ಹೋಗುತ್ತೇವೆ, ಅಲ್ಲಿ ನಮ್ಮವರು ಜಾಸ್ತಿ ಎಂದು ಅವನ ಅಪ್ಪ ನನ್ನ ಅಪ್ಪನಿಗೆ ಹೇಳಿದರಂತೆ. ಇನ್ನೊಂದು ಮನೆಯವರು ಅದಕ್ಕೂ ಮೊದಲೇ ಹೋಗಿದ್ದರು. ಯಾರೂ ಅವರನ್ನು ಹೋಗಿ ಎನ್ನಲಿಲ್ಲ. ಇರಿ ಎಂದೂ ಗಟ್ಟಿಯಾಗಿ ಹೇಳಲಿಲ್ಲ, ನಮ್ಮ ಅಪ್ಪನೂ. ಹೀಗೆ ಹೆದರಿ ಮನೆ ಮಾರಿ ಹೋಗುವುದನ್ನು ತಡೆಯಲೆಂದೇ ಗುಜರಾತಿನಲ್ಲಿ 1991ರ ಒಂದು ಕಾಯಿದೆ ಇದೆ. 'ಅಶಾಂತ ಪ್ರದೇಶ' ಎಂದು ಘೋಷಿಸಿದ ಕಡೆ ಕಲೆಕ್ಟರ್ ಒಪ್ಪಿಗೆಯಿಲ್ಲದೆ ಸ್ಥಿರಾಸ್ತಿ ಕೈಬದಲಿಸುವಂತಿಲ್ಲ. ಅಹಮದಾಬಾದ್, ವಡೋದರಾ, ಸೂರತ್ ಮೂರರಲ್ಲೂ ಅದು ಜಾರಿಯಲ್ಲಿದೆ. ಹೋಗುವವರನ್ನು ತಡೆಯಲು ಬಂದ ಕಾಯಿದೆ ಈಗ ಹೆಚ್ಚಾಗಿ ಬರುವವರನ್ನು ತಡೆಯುತ್ತದೆ ಎಂಬುದು ನಾನು ಮನೆ ಕೊಳ್ಳಲು ಅಲೆದಾಗ ಕಂಡದ್ದು.

ಹೋಗುವ ಹಿಂದಿನ ದಿನ ಗೆಳೆಯ ಕಾಂಟ್ರಾ ಕ್ಯಾಸೆಟ್ ನನ್ನ ಕೈಗೆ ಕೊಟ್ಟ. ನಾವು ಅದನ್ನು ಕ್ಯಾಸೆಟ್ ಎಂದೇ ಕರೆಯುತ್ತಿದ್ದೆವು. "ರವಿವಾರ ಬರ್ತೀನಿ, ಆಗ ಕೊಡು" ಎಂದ. ತಾಂದಲ್ಜಾ ನಮ್ಮ ಮನೆಯಿಂದ ಏಳೆಂಟು ಕಿಲೋಮೀಟರ್. ಆ ರವಿವಾರ ಬರಲಿಲ್ಲ. ನಾನೂ ಹೋಗಲಿಲ್ಲ. "ಸದ್ಯಕ್ಕ ಬ್ಯಾಡ ತಮ್ಮ" ಎಂದರು ಅಪ್ಪ. ಆ ಸದ್ಯ ಮುಗಿಯಲೇ ಇಲ್ಲ.

ಮುಂದಿನ ಹತ್ತು ವರ್ಷವನ್ನು ಬೇಗ ದಾಟುತ್ತೇನೆ. ಕೇಬಲ್ ಬಂತು, 1992ರ ಅಕ್ಟೋಬರಿನಲ್ಲಿ ಜೀ ಟಿವಿ ಬಂದಿತ್ತು. ಪ್ರತಿ ಮನೆಗೊಂದು ಟಿವಿ ಆಯಿತು. ಹಳದಿ ಬೋರ್ಡಿನ ಎಸ್‌ಟಿಡಿ ಬೂತ್‌ಗಳು ಬಂದವು. ಅವುಗಳ ಹಿಂದಿದ್ದ ಸ್ಯಾಮ್ ಪಿತ್ರೋಡಾ ಭೌತಶಾಸ್ತ್ರ ಓದಿದ್ದು ನಮ್ಮ ಮನೆ ಹತ್ತಿರದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ. ಅವರ ಸಿ-ಡಾಟ್ ತಯಾರಿಸಿದ ಹಳ್ಳಿ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಕೂತದ್ದು ನಮ್ಮ ಕಿತ್ತೂರಿನಲ್ಲಿ. ಮೊದಲು ಅಹಮದಾಬಾದಿನ ಚಿತ್ರ ರಾಯಚೂರಿಗೆ, ಆಮೇಲೆ ವಡೋದರಾದಲ್ಲಿ ಓದಿದವರ ಎಕ್ಸ್‌ಚೇಂಜ್ ಕಿತ್ತೂರಿಗೆ. ಈ ಎರಡು ನಾಡುಗಳ ನಡುವೆ ನಮ್ಮಂಥವರು ಮಾತ್ರ ಓಡಾಡಿದ್ದಲ್ಲ ಎಂದು ಖುಷಿಯಾಗುತ್ತದೆ.

2002ರಲ್ಲಿ ನಾನು ಸೂರತ್‌ನಲ್ಲಿ ಎಂ.ಟೆಕ್. ವಿದ್ಯಾರ್ಥಿ. ಹಾಸ್ಟೆಲಿನ ಕಂಪ್ಯೂಟರುಗಳನ್ನು ತಂತಿಯಿಂದ ಜೋಡಿಸಿ ರಾತ್ರಿಯೆಲ್ಲ ಕೌಂಟರ್-ಸ್ಟ್ರೈಕ್ ಆಡುತ್ತಿದ್ದೆವು. ಫೆಬ್ರವರಿ 27ರಂದು ಗೋಧ್ರಾದಲ್ಲಿ ರೈಲಿನ ಬೋಗಿಗೆ ಬೆಂಕಿ ಬಿದ್ದು 59 ಜನ ಸತ್ತರು. ಮರುದಿನದಿಂದ ರಾಜ್ಯದಲ್ಲಿ ನಡೆದ ಹಿಂಸೆಯಲ್ಲಿ ಸರ್ಕಾರದ ಲೆಕ್ಕದಲ್ಲೇ ಸಾವಿರಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಮುಸಲ್ಮಾನರು. ವಡೋದರಾದಲ್ಲಿ ಮಾರ್ಚ್ 1ರ ರಾತ್ರಿ ಬೆಸ್ಟ್ ಬೇಕರಿಯಲ್ಲಿ 14 ಜನರನ್ನು ಕೊಂದರು. ಬೂತ್ ತೆರೆದ ದಿನ ಸಾಲಿನಲ್ಲಿ ನಿಂತು ಮನೆಗೆ ಫೋನ್ ಮಾಡಿದೆ. ನಾವು ಚೆನ್ನಾಗಿದ್ದೇವೆ ಎಂದರು ಅವ್ವ. ಗೆಳೆಯನ ಮನೆಯವರ ಸುದ್ದಿ ಏನಾದರೂ ಗೊತ್ತೇ ಎಂದು ಕೇಳಿದೆ. ಅವ್ವ ಫೋನನ್ನು ಅಪ್ಪನಿಗೆ ಕೊಟ್ಟರು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರನ್ನ ಕೇಳಬೇಕು ತಮ್ಮ" ಎಂದರು. ಮೀಟರ್ ಓಡುತ್ತಿತ್ತು. ಆ ರಾತ್ರಿ ಹಾಸ್ಟೆಲಿನಲ್ಲಿ ಕರೆದರೂ ನಾನು ಆಡಲು ಹೋಗಲಿಲ್ಲ. ಆಟದ ತಪ್ಪೇನೂ ಇರಲಿಲ್ಲ.

ಈಗ ಫೋನಿನ ಕಾಲ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಆಟ ಎಲ್ಲರ ಜೇಬಿಗೆ ಬಂತು. 2019ರ ಮಾರ್ಚ್‌ನಲ್ಲಿ ರಾಜ್‌ಕೋಟ್, ಸೂರತ್ ಮೊದಲಾದ ಕಡೆ ಪೊಲೀಸರು ಪಬ್‌ಜಿ ಆಡುವುದನ್ನು ನಿಷೇಧಿಸಿದರು. ರಾಜ್‌ಕೋಟ್‌ನಲ್ಲಿ ಹತ್ತು ಜನರನ್ನು ಬಂಧಿಸಿ ಜಾಮೀನಿನ ಮೇಲೆ ಬಿಟ್ಟರು, ಅವರಲ್ಲಿ ಕಾಲೇಜು ಹುಡುಗರೂ ಇದ್ದರು. ಆ ಸುದ್ದಿ ಓದಿದಾಗ ನನ್ನ ಕಣ್ಣಿಗೆ ಬಂದದ್ದು ಒಂದೇ ಫೋನಿನ ಸುತ್ತ ತಲೆಗೆ ತಲೆ ತಾಗಿಸಿ ಕೂತ ಹುಡುಗರು. ವ್ಯಸನ ಸುಳ್ಳೆಂದು ನಾನು ಹೇಳುವುದಿಲ್ಲ. ಮಗಳ ಕೈಯಿಂದ ಫೋನ್ ಕಿತ್ತಿಟ್ಟ ರಾತ್ರಿಗಳು ನಮ್ಮ ಮನೆಯಲ್ಲೂ ಇವೆ. ಆಟ ಮುಗಿದ ಮೇಲೂ ಹೋಮ್‌ವರ್ಕ್ ಉಳಿಯುತ್ತದೆ, ಕಣ್ಣು ಉರಿಯುತ್ತದೆ. ಆದರೆ "ಸ್ಕ್ರೀನ್ ಮನುಷ್ಯರನ್ನು ಬೇರೆ ಮಾಡಿತು" ಎಂಬ ಮಾತು ಕೇಳಿದಾಗ, ಮೀಟಿಂಗ್ ನಡೆಯುತ್ತಿದ್ದ ಕೋಣೆಯನ್ನು ಸುತ್ತ ನೋಡಬೇಕಿತ್ತು. ನಮ್ಮ ಸೊಸೈಟಿಯಲ್ಲಿ 84 ಮನೆಗಳಿವೆ. ಒಂದು ಮನೆಯೂ ಮುಸಲ್ಮಾನರದಲ್ಲ. ಇದನ್ನು ಯಾವ ಫೋನೂ ಮಾಡಲಿಲ್ಲ. ಮನೆ ಕೊಳ್ಳುವಾಗ ಇದು ನನಗೆ ಗೊತ್ತಿತ್ತು, ಆದರೂ ಕೊಂಡೆ.

ಕಳೆದ ಬೇಸಿಗೆಯ ಒಂದು ಸಂಜೆ ಮಗಳ ಕೋಣೆಯಿಂದ ಕೂಗು ಕೇಳಿತು. "ಅಕ್ಕಾ, ಹಿಂದ ನೋಡ, ಹಿಂದ! ಬಂದದ ಅದು! ಓಡ!" ಲಿಂಗಸುಗೂರಿನ ಕಾಕಾರ ಮೊಮ್ಮಗ. ಇಬ್ಬರೂ ಮೈನ್‌ಕ್ರಾಫ್ಟ್‌ನಲ್ಲಿ ಒಂದು ಊರು ಕಟ್ಟುತ್ತಿದ್ದರು. ನನ್ನ ಮಗಳಿಗೆ ಮನೆಯಲ್ಲಿ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ಕನ್ನಡ ಸಂಘದ ಭಾನುವಾರದ ತರಗತಿ ಮೂರು ವಾರಕ್ಕೆ ನಿಂತಿತ್ತು. ಅವಳು ಈಗ "ತಡಿಯೋ, ಕಲ್ಲ ಹಚ್ಚಾಕತ್ತೀನಿ" ಎನ್ನುತ್ತಿದ್ದಳು. ಅಪ್ಪ ಬಾಗಿಲ ಹತ್ತಿರ ಕುರ್ಚಿ ಎಳೆದುಕೊಂಡು ಕೂತಿದ್ದರು. ಅವರಿಗೆ ಆಟ ಅರ್ಥವಾಗುವುದಿಲ್ಲ. ಐವತ್ತು ವರ್ಷದ ಹಿಂದೆ ಇಲ್ಲಿಂದ ಹೊರಟ ಕನ್ನಡದ ಮಾತನ್ನು ಅವರು ಅಲ್ಲಿ ಕೂತು ಕೇಳಿದ್ದರು. ಈಗ ಅಲ್ಲಿಯದನ್ನು ಇಲ್ಲಿ ಕೂತು ಕೇಳುತ್ತಿದ್ದರು.

ಆ ಕ್ಯಾಸೆಟ್ ಇನ್ನೂ ನನ್ನ ಹತ್ತಿರ ಇದೆ. ಸಾಬರಮತಿಯ ದಂಡೆಯಲ್ಲಿ ಭಾನುವಾರ ಸೇರುವ ಗುಜರಿ ಬಜಾರಿನಲ್ಲಿ ಹಳೆಯ ಟಿವಿ ಗೇಮ್ ಪೆಟ್ಟಿಗೆಯೊಂದು ಸಿಕ್ಕಿತು, ಇನ್ನೂರು ರೂಪಾಯಿಗೆ, ಬಂದೂಕಿನ ಸಮೇತ. ತಂದು ಹೊಸ ಟಿವಿಗೆ ಜೋಡಿಸಿದೆ. ಬಂದೂಕು ಕೆಲಸ ಮಾಡಲಿಲ್ಲ, ಮಾಡುವುದೂ ಇಲ್ಲ. ಟ್ರಿಗರ್ ಒತ್ತಿದಾಗ ಪರದೆ ಒಂದು ಕ್ಷಣ ಕಪ್ಪಾಗಿ ಬಾತುಕೋಳಿ ಇರುವಲ್ಲಿ ಮಾತ್ರ ಬಿಳಿ ಚೌಕ ಮಿನುಗುತ್ತದೆ. ಬಂದೂಕಿನ ಒಳಗಿನ ಕಣ್ಣು ಆ ಬೆಳಕನ್ನು ಹುಡುಕುತ್ತದೆ. ಹಳೆಯ ಪಿಕ್ಚರ್ ಟ್ಯೂಬ್ ಚಿತ್ರ ಬಂದ ಕ್ಷಣವೇ ಬರೆಯುತ್ತಿತ್ತು. ಹೊಸ ಪರದೆ ಚಿತ್ರವನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡು ತೋರಿಸುತ್ತದೆ. ಅಷ್ಟರಲ್ಲಿ ಬಂದೂಕು ನೋಡಿ ಮುಗಿಸಿರುತ್ತದೆ.

ಕ್ಯಾಸೆಟ್ ಮಾತ್ರ ಊದಿ ಹಾಕಿದ ಎರಡನೆಯ ಸಲಕ್ಕೆ ಶುರುವಾಯಿತು. ಅದರ ಚಿಪ್ಪಿನಲ್ಲಿ ಬರೆದದ್ದು ಅಳಿಸುವಂಥದ್ದಲ್ಲ, ಬ್ಯಾಟರಿಯೂ ಬೇಡ. ಮಗಳಿಗೆ ಎರಡನೆಯ ಕಂಟ್ರೋಲರ್ ಕೊಟ್ಟೆ. ಜಲಪಾತಕ್ಕೆ ಬಂದಾಗ ನಾನು ಮತ್ತೆ ಅವಸರ ಮಾಡಿ ಅವಳನ್ನು ಸಾಯಿಸಿದೆ. "ಪಪ್ಪಾ, ನಿಲ್ಲಬೇಕಲ್ಲ!" ಎಂದು ಸಿಟ್ಟಾದಳು.

ಅಹಮದಾಬಾದಿನಿಂದ ವಡೋದರಾಕ್ಕೆ ಈಗ ಎಕ್ಸ್‌ಪ್ರೆಸ್‌ವೇಯಲ್ಲಿ ಎರಡು ಗಂಟೆಯೊಳಗಿನ ದಾರಿ. ಅವನ ಹೆಸರಿನವರು ಇಂಟರ್ನೆಟ್ಟಿನಲ್ಲಿ ನೂರಾರು ಜನ ಇದ್ದಾರೆ. ತಾಂದಲ್ಜಾದಲ್ಲಿ ಅವರ ಹಳೆಯ ಮನೆಯ ವಿಳಾಸ ಅಪ್ಪನ ಡೈರಿಯಲ್ಲಿದೆ ಎಂದು ಗೊತ್ತಾದದ್ದು ಮೊನ್ನೆ, ಈ ಲೇಖನಕ್ಕಾಗಿ ತಾರೀಕುಗಳನ್ನು ಕೇಳುವಾಗ. 1993ರಿಂದಲೂ ಅದು ಅಲ್ಲೇ ಇತ್ತು. ನಾನು ಕೇಳಿರಲಿಲ್ಲ, ಅಪ್ಪ ಹೇಳಿರಲಿಲ್ಲ. ಮುಂದಿನ ರವಿವಾರ ಹೋಗುವುದೆಂದು ಮಾಡಿದ್ದೇವೆ, ಅಪ್ಪನೂ ಬರುತ್ತಾರಂತೆ.